ಕಮ್ಮಾರ ಕಸ್ತೂರೆವ್ವ ಬಗ್ಗಿಸಿದ ಹಿಡಿಕೆ

ಕಕ್ಕಿನಾಳದ ಕಮ್ಮಾರ ಕಸ್ತೂರೆವ್ವನ ಮುಂದೆ ನಿಂತು "ಒಂದು ಕುಡಗೋಲು ಮಾಡಿಕೊಡು" ಎಂದು ಕೇಳಿದ ಗಂಡಸು ಬೈಸಿಕೊಳ್ಳದೆ ತಿರುಗಿ ಬಂದದ್ದಿಲ್ಲ. ಯಾರಿಗೆ ಎಂಬುದು ಅವಳ ಮೊದಲ ಮಾತು. ಹೆಂಡತಿಗೆ ಎಂದರೆ, "ಹಂಗಾದ್ರ ನೀ ಯಾಕ ಬಂದಿ? ಕೊಯ್ಯಾಕಿ ಆಕಿ. ಆಕಿನ್ನ ಕಳಸು" ಎಂದು ಸುತ್ತಿಗೆಯಿಂದಲೇ ದಾರಿ ತೋರಿಸುವಳು. ಹೆಂಡತಿ ಬಂದಳೆಂದರೆ ಅವಳ ಕೈಗೆ ಒಂದು ಮುದ್ದೆ ಹಸಿ ಮಣ್ಣು ಇಟ್ಟು ಹಿಚುಕು ಎನ್ನುವಳು. ಮಣ್ಣಿನಲ್ಲಿ ಬೆರಳು ಹೇಗೆ ಕೂತವು, ಹೆಬ್ಬೆರಳು ಎಲ್ಲಿ ಒತ್ತಿತು ಎಂದು ನೋಡಿಕೊಂಡು ಆಮೇಲೆ ಕಬ್ಬಿಣ ಕಾಸುವಳು. ಎಡಗೈಯವರಿಗೆ ಕುಡಗೋಲಿನ ಹಲ್ಲನ್ನು ಮಗ್ಗುಲು ಬದಲಿಸಿ ಕಡಿಯುವಳು.

ಒಮ್ಮೆ ಊರ ಗೌಡ ಬಸಂತರಾಯ ಆಳಿನ ಕೈಲಿ ಹೇಳಿ ಕಳಿಸಿದ್ದ, ಸುಗ್ಗಿಗೆ ಇಪ್ಪತ್ತು ಕುಡಗೋಲು, ಎಲ್ಲಾ ಒಂದೇ ಅಳತೆ ಎಂದು. ಕಸ್ತೂರೆವ್ವ ತಿದಿ ಒತ್ತುವುದನ್ನು ನಿಲ್ಲಿಸಿದಳು.

"ಇಪ್ಪತ್ತು ಮಂದಿ ಕೈ ಒಂದ ಅಚ್ಚಿನಾಗ ಎರಕ ಹೊಯ್ದಾವೇನು? ಇಪ್ಪತ್ತೂ ಮಂದೀನ ಕಳಸು ಅಂತ ಗೌಡ್ರಿಗೆ ಹೇಳು. ಇಲ್ಲಾಂದ್ರ ಅವ್ರ ಸ್ವಂತ ಕೊಯ್ಯಲಿ, ಅವ್ರ ಕೈ ಅಳತಿಗೆ ಒಂದ ಮಾಡ್ತೇನಿ."

ಇಪ್ಪತ್ತು ಹೆಣ್ಣುಮಕ್ಕಳು ಕುಲುಮೆಯ ಮುಂದೆ ಸಾಲು ನಿಂತು ಮಣ್ಣು ಹಿಚುಕಿದರು. ಆ ವರ್ಷ ಗೌಡನ ಹೊಲದ ಜೋಳ ಎರಡು ದಿನ ಮೊದಲೇ ಕೊಯ್ದು ಮುಗಿಯಿತು. ಗೌಡ ಮಾತ್ರ ಅದನ್ನು ಎಲ್ಲಿಯೂ ಬಾಯಿ ಬಿಟ್ಟು ಹೇಳಲಿಲ್ಲ.

ಗಂಡ ಸತ್ತಾಗ ಅವಳು ಕುಲುಮೆ ಆರಿಸಿ ತವರಿಗೆ ಹೋಗುವಳು ಎಂದು ಮಂದಿ ಎಣಿಸಿದ್ದರು. ಅವಳು ದಿನಕರ್ಮ ಮುಗಿದ ಮರುದಿನವೇ ಸೆರಗು ಸೊಂಟಕ್ಕೆ ಕಟ್ಟಿ ಸುತ್ತಿಗೆ ಎತ್ತಿದಳು. ಮಗ ಪರಪ್ಪ ಆಗ ಇನ್ನೂ ತೊಡೆಯ ಮೇಲಿನ ಕೂಸು. ಇಪ್ಪತ್ತೈದು ವರ್ಷ ಕೆಂಡದ ಮುಂದೆ ಕೂತು ಕೂತು ಅವಳ ಸಿಟ್ಟೂ ಕೆಂಡದಂಥದೇ ಆಗಿತ್ತು. ಮೇಲೆ ಬೂದಿ ಮುಚ್ಚಿದಂತೆ ಕಂಡರೂ ಒಂದು ಸಲ ಊದಿದರೆ ಸಾಕು. "ಕೆಲಸ ಮಾಡೋ ಕೈ ಬ್ಯಾರೆ, ಅಳತಿ ಹೇಳೋ ಬಾಯಿ ಬ್ಯಾರೆ. ಅಲ್ಲೇ ನನಗ ಸಿಟ್ಟು" ಎನ್ನುವಳು.

ಎಪ್ಪತ್ತೆರಡರ ಬರ ಕಳೆದ ಮರುವರ್ಷದ ಬೇಸಿಗೆಯಲ್ಲಿ ಸೊಸೆ ಚನ್ನವ್ವನ ಹಿಮ್ಮಡಿಯ ಮೇಲೆ ಒಂದು ಗುಳ್ಳೆ ಎದ್ದಿತು. ಉರಿ, ಮೈಬಿಸಿ. ಗುಳ್ಳೆ ಒಡೆದಾಗ ಬಿಳಿಯ ದಾರದಂಥ ಹುಳ ತಲೆ ಹೊರಗೆ ಹಾಕಿತು. ನಾರುಹುಣ್ಣು ಆ ಊರಿಗೆ ಹೊಸದಲ್ಲ. ಹುಳದ ತುದಿಯನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದು ಬೆರಳಿನಷ್ಟು ಎಳೆಯಬೇಕು. ಅವಸರ ಮಾಡಿ ಹರಿದರೆ ಕಾಲು ಬಾತು ಕೀವು ತುಂಬುತ್ತದೆ. ಚನ್ನವ್ವ ಎರಡೂವರೆ ತಿಂಗಳು ಹೊರಸಿನ ಮೇಲೆ ಬಿದ್ದಳು. ಅವಳ ಕೂಸು ಹೊರಸಿನ ಕಾಲು ಹಿಡಿದು ನಿಂತು ಅಳುವುದು, ಎತ್ತಿಕೊಳ್ಳಲು ಅವಳಿಗೆ ಏಳಲಾಗದು. ನಾಲತವಾಡದಿಂದ ಸೊಸೆಯಾಗಿ ಬಂದ ಆ ಕುಳ್ಳನೆಯ ಹುಡುಗಿ ಆ ದಿನಗಳಲ್ಲಿ ಒಂದು ಮಾತೂ ಗೊಣಗಲಿಲ್ಲ. ಅದೂ ಕಸ್ತೂರೆವ್ವನಿಗೆ ಸಿಟ್ಟೇ.

ಸಿಂದಗಿಯಿಂದ ಬರುತ್ತಿದ್ದ ನರ್ಸಬಾಯಿ ನಲಿನಿ ಹೊರಸಿನ ಪಕ್ಕದಲ್ಲಿ ಕೂತು ಹೇಳಿದಳು: "ಇದು ನಿಮ್ಮ ಪಾವಟಿಗಿ ಬಾವಿ ನೀರಿಂದ ಬರೋದು. ಹುಣ್ಣಿದ್ದವ್ರು ಮೆಟ್ಟಲ ಇಳದು ಕಾಲು ಅದ್ದತೀರಿ, ಅದ ನೀರು ಎಲ್ಲಾರೂ ಕುಡೀತೀರಿ. ಇವತ್ತು ಕುಡದದ್ದು ವರ್ಷ ಬಿಟ್ಟು ಕಾಲಾಗ ಹೊರಗ ಬರ್ತದ. ನಿಮ್ಮೂರಿಗೆ ಬೋರಿಂಗ್ ಬರ್ಲಿಕ್ಕೆ ಹತ್ತೇದ. ಅದು ಬಂದ ದಿನದಿಂದ ಬಾವಿ ಕಡೆ ಹೊಳ್ಳಿ ನೋಡಬ್ಯಾಡ್ರಿ."

ಓದು ಬಾರದ ಕಸ್ತೂರೆವ್ವ ಅದನ್ನು ಎದೆಯಲ್ಲಿ ಬರೆದಿಟ್ಟುಕೊಂಡಳು. ಚನ್ನವ್ವನ ಕಾಲಿನಲ್ಲಿ ಇನ್ನೊಂದು ಸಲ ಆ ಹುಳ ಕಾಣಬಾರದು.

ಬೋರಿಂಗ್ ಮಾಘ ಮಾಸದಲ್ಲಿ ಬಂತು. ಎಲ್ಲಿ ಕೊರೆಯಬೇಕು ಎಂಬ ಮಾತು ಬಂದಾಗ ಬಸಂತರಾಯಗೌಡ ಹಣಮಪ್ಪನ ಗುಡಿಯ ಮುಂದಿನ ಕಟ್ಟೆಯ ಎದುರು ಜಾಗ ತೋರಿಸಿದ. ದಿನವಿಡೀ ಊರ ಹಿರಿಯರು ಕೂಡುವ ಕಟ್ಟೆ ಅದು. "ಊರ ಮುಖಕ್ಕ ಇರ್ಲಿ. ಬಂದು ಹೋಗೋರು ನೋಡಬೇಕು" ಎಂದ. ಅಲ್ಲಿ ನೀರೂ ಬಿತ್ತು. ಸುತ್ತ ಸಿಮೆಂಟು ಹಾಕಿ, ಕನ್ನಡಿಯ ಹಾಗೆ ನುಣ್ಣಗೆ ಸಪಾಟು ಮಾಡಿ, ನಡುವೆ ಪಂಪು ನಿಲ್ಲಿಸಿದರು. ತೆಂಗಿನಕಾಯಿ ಒಡೆದ ಮೇಲೆ ಆರಡಿಯ ಗೌಡನೇ ಮೊದಲು ಹಿಡಿಕೆ ಒತ್ತಿದ. ನೀರು ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಂಗಸರು ಗೋಡೆಯ ಮರೆಯಲ್ಲಿ ನಿಂತು ನೋಡಿದರು.

ಮನೆಗೆ ಬೋರಿಂಗ್ ನೀರೇ ಬರುತ್ತಿದೆ ಎಂದುಕೊಂಡಿದ್ದ ಕಸ್ತೂರೆವ್ವ ಯುಗಾದಿಯ ಮರುದಿನ ಆ ದಾರಿಯಲ್ಲಿ ಬರುವಾಗ ಪಂಪಿನ ಹಿಡಿಕೆಯ ಕಡೆ ಕಣ್ಣು ಹೋಯಿತು. ಬಳಸಿದ ಕಬ್ಬಿಣ ಹೊಳೆಯುತ್ತದೆ, ಕುಡಗೋಲೇ ಇರಲಿ, ಮನೆಯ ಚಿಲಕವೇ ಇರಲಿ. ಈ ಹಿಡಿಕೆಗೆ ತುದಿಯಿಂದ ಬುಡದ ತನಕ ಕೆಂಪು ತುಕ್ಕು ಕೂತಿತ್ತು. ಎರಡು ತಿಂಗಳಿಂದ ಅದನ್ನು ಯಾರೂ ಮುಟ್ಟಿರಲಿಲ್ಲ.

ಮನೆಗೆ ಬಂದರೆ ಚನ್ನವ್ವ ತುಂಬಿದ ಕೊಡ ಇಳಿಸುತ್ತಿದ್ದಳು. ಸೀರೆ ಮೊಣಕಾಲ ತನಕ ತೊಯ್ದಿತ್ತು.

"ಎಲ್ಲಿ ನೀರ ಇದು?"

ಚನ್ನವ್ವ ತಲೆಯ ಮೇಲಿನ ಸಿಂಬಿ ತೆಗೆದು ಬಿಡಿಸತೊಡಗಿದಳು.

"ಬಾವೀದ ಹೌದಲ್ಲೊ?"

"ಹೌದ್ರಿ ಅತ್ತಿ."

"ಹೋದ ವರ್ಷ ಹೊರಸಿನ ಮ್ಯಾಲ ಬಿದ್ದು ನರಳಿದ್ದು ಮರ್ತಿ ಏನು? ನಾಕ ಹೆಜ್ಜಿ ಮ್ಯಾಲ ಬೋರಿಂಗ್ ಐತಿ. ಹಿಡಕಿ ಒತ್ತಾಕ ಮೈ ಭಾರ ಆತೇನು?"

"ಹಂಗಲ್ರಿ..."

ಹೇಗೆ ಎಂದು ಕೇಳುವಷ್ಟು ತಾಳ್ಮೆ ಕಸ್ತೂರೆವ್ವನಿಗೆ ಇರಲಿಲ್ಲ. ಕೊಡ ಎತ್ತಿ ಅಂಗಳಕ್ಕೆ ಸುರಿದಳು. ಅದೇ ಕೊಡ ಹೊತ್ತು ತಾನೇ ಕಟ್ಟೆಯ ಮುಂದೆ ಹೋದಳು. ಗಂಡಾಳಿನಷ್ಟು ಎತ್ತರದವಳು, ಹಿಡಿಕೆ ಹಿಡಿದು ಸುತ್ತಿಗೆ ಬೀಸಿದಂತೆ ಹದಿನೈದು ಸಲ ಒತ್ತಿದಳು, ಕೊಡ ತುಂಬಿತು. ಮನೆಗೆ ತಂದು ಸೊಸೆಯ ಮುಂದೆ ಕುಕ್ಕಿದಳು.

"ನೋಡು. ಅರವತ್ತು ತುಂಬಿದ ಮುದುಕಿ ತಂದಾಳ. ಇನ್ನ ಬಾವಿ ಮಾತು ನನ್ನ ಮುಂದ ಆಡಬ್ಯಾಡ."

ಅಂದಿನಿಂದ ದಿನವೂ ಬೈಗುಳ. ಚನ್ನವ್ವ ದಿನವೂ ಕೊಡ ಎತ್ತಿಕೊಂಡು ಗುಡಿಯ ಕಡೆಯ ದಾರಿ ಹಿಡಿಯುವಳು, ದಿನವೂ ತುಂಬಿಕೊಂಡು ಬರುವಳು. ಸೀರೆ ಒಣಗಿರುತ್ತಿತ್ತು. ಬೈದದ್ದು ನಾಟಿತು ಎಂದುಕೊಂಡಳು ಕಸ್ತೂರೆವ್ವ.

ಇಪ್ಪತ್ತು ದಿನ ಕಳೆದ ಮೇಲೆ ಪಿಂಜಾರ ಪೀರಬಿ ಕಳೆ ತೆಗೆಯುವ ಕುರಪಿ ಹರಿತ ಮಾಡಿಸಲು ಕುಲುಮೆಗೆ ಬಂದಳು. ಅವಳ ಮೇಲ್ದುಟಿ ಬಾತಿತ್ತು, ಮುಂದಿನ ಒಂದು ಹಲ್ಲು ಇರಲಿಲ್ಲ.

"ಯಾರು ಹೊಡದಾರಬೇ? ನಿನ್ನ ಗಂಡ ಹತ್ತಿ ಬಿಟ್ಟು ನಿನ್ನ ಹಿಂಜಾಕ ಸುರು ಮಾಡ್ಯಾನೇನು?"

"ಅವಂಗೆಲ್ಲಿ ಆ ತಾಕತ್ತು. ಇದು ನಿಮ್ಮ ಗೌಡ್ರ ಬೋರಿಂಗ್ ಉಡಿ ತುಂಬಿದ್ದು. ಒಂದ ಕೈಲೆ ಸೆರಗ ಹಿಡಕೊಂಡೆ ನೋಡು, ಹಿಡಕಿ ಜಿಗದು ಬಾಯಿಗೆ ಮುದ್ದ ಕೊಟ್ತು. ನಾ ಒಬ್ಬಾಕೆ ಹುಚ್ಚಿ ಹೋಗಿದ್ದು. ಉಳದಾವ್ರೆಲ್ಲ ನಿನ್ನ ಸೊಸಿ ಹಂಗ ಶಾಣ್ಯಾರು, ಬಾವಿಗೆ ಹೋಗ್ತಾರ."

"ನನ್ನ ಸೊಸಿ ಬೋರಿಂಗ್ ನೀರ ತರ್ತಾಳ."

"ತರ್ತಾಳ, ತರ್ತಾಳ. ದಿನಾ ನಮ್ಮ ಹಿತ್ತಲ ಸಂದ್ಯಾಗ ನಿಂತು ಸೀರಿ ಹಿಂಡಿ ಬ್ಯಾರೆ ಸೀರಿ ಉಟಗೊಂಡು ಬರ್ತಾಳ. ಬೋರಿಂಗ್ ನೀರು ಮೊಣಕಾಲ ತನಾ ತೋಯಸ್ತೈತೇನು?"

ಕಸ್ತೂರೆವ್ವನ ಇಕ್ಕಳದಲ್ಲಿದ್ದ ಕೆಂಪು ಕಬ್ಬಿಣ ಕಪ್ಪಗಾಗುತ್ತ ಬಂತು. ಅವಳು ಬಡಿಯಲಿಲ್ಲ.

"ನಾ ಎತ್ತಿ ನೋಡೇನಿ. ನಂಗೇನೂ ಆಗಲಿಲ್ಲ" ಎಂದಳು.

ಪೀರಬಿ ಬಾತ ತುಟಿಯಲ್ಲೇ ನಕ್ಕಳು. "ನಿಂದೇನು ಕೈಯಾ? ಅದು ಇಕ್ಕಳ. ನಿನ್ನ ಸೆರಗಿಗೆ ಯಾರಾರ ಕೆಮ್ಮತಾರೇನು? ಊರ ಹೆಂಗಸ್ರ ಕೈಯೆಲ್ಲ ಮಣ್ಣಾಗ ಹಿಡಿಸಿ ನೋಡ್ತಿ. ಬೋರಿಂಗಿಗೆ ಬಂದ್ರ ನಿಂದೊಂದ ಕೈ ನೋಡಿದಿ."

ಕಸ್ತೂರೆವ್ವ ಕುರಪಿ ಹರಿತ ಮಾಡಿ ಕೊಟ್ಟು, ಕೈ ತೊಳೆದುಕೊಂಡು ಒಳಗೆ ಹೋದಳು. ಚನ್ನವ್ವ ಜೋಳ ಹಸನು ಮಾಡುತ್ತಿದ್ದಳು.

"ಏಳು. ಕೊಡ ತಗೊ. ನಾ ಬಯ್ಯಂಗಿಲ್ಲ, ಮಾತೂ ಆಡಂಗಿಲ್ಲ. ನೀ ನೀರ ಎತ್ತು, ನಾ ನೋಡ್ತೇನಿ."

ಪಂಪಿನ ಆಚೆ ಒಂದು ಕಲ್ಲಿನ ಮೇಲೆ ಅವಳು ಕೂತಳು. ಚನ್ನವ್ವ ಕೊಡ ಇಟ್ಟಳು. ಕೊಡದ ತಳ ದುಂಡಗೆ, ಸಿಮೆಂಟು ಸಪಾಟು, ಕೊಡ ವಾಲಿತು. ಒಂದು ಕಲ್ಲು ಹುಡುಕಿ ಆಸರೆ ಕೊಟ್ಟಳು. ಹಿಡಿಕೆಯ ತುದಿ ಅವಳ ತಲೆಗಿಂತ ಮೇಲಿತ್ತು. ಹಿಮ್ಮಡಿ ಎತ್ತಿ, ಎರಡೂ ಕೈ ಚಾಚಿದಳು. ಕೈ ಮೇಲೆ ಹೋದೊಡನೆ ಸೆರಗು ಜಾರಿತು. ಕಟ್ಟೆಯ ಮೇಲಿಂದ ಯಾರೋ ಕೆಮ್ಮಿದರು. ಅವಳು ಒಂದು ಕೈ ಬಿಟ್ಟು ಸೆರಗು ಎಳೆದುಕೊಳ್ಳುವಷ್ಟರಲ್ಲಿ ಹಿಡಿಕೆ ಮೇಲಕ್ಕೆ ಜಿಗಿಯಿತು. ಮುಖ ಸರಿಸಿದ್ದರಿಂದ ಹಲ್ಲು ಉಳಿಯಿತು. ಮತ್ತೆ ಚಾಚಿದಳು, ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ನೀರು ಬಂತು, ಕೊಡ ಉರುಳಿತು. ನೀರು ಬೀಳುವ ಬಾಯಿ ಪಂಪಿನ ಆ ಕಡೆಗಿತ್ತು, ಹಿಡಿಕೆ ಈ ಕಡೆಗೆ. ಒಬ್ಬಳೇ ಎರಡನ್ನೂ ಹೇಗೆ ಹಿಡಿದಾಳು? ಕಟ್ಟೆಯ ಮೇಲೆ ಮತ್ತೊಂದು ಕೆಮ್ಮು. ಈ ಸಲ ಅದರಲ್ಲಿ ನಗೆಯೂ ಇತ್ತು.

ಕಸ್ತೂರೆವ್ವ ಎದ್ದಳು. ಉರುಳಿದ ಕೊಡ ತಾನೇ ಎತ್ತಿಕೊಂಡಳು. ಅದನ್ನು ಹೊತ್ತು ಮನೆಯ ದಾರಿ ಹಿಡಿದಳು. ಅವಳ ಸಿಟ್ಟು ಆ ದಿನ ಮೊದಲ ಸಲ ತನ್ನ ಕಡೆಗೇ ತಿರುಗಿತ್ತು, ಅದನ್ನು ಎಲ್ಲಿ ಇಳಿಸಬೇಕೋ ಅವಳಿಗೆ ತಿಳಿಯಲಿಲ್ಲ.

ಅದನ್ನು ಇಳಿಸಲು ಮೂರನೆಯ ದಿನವೇ ಒಬ್ಬರು ಸಿಕ್ಕರು. ಬೋರಿಂಗಿನ ಇಂಜಿನಿಯರು ಗುರುರಾಜ ಜೀಪಿನಲ್ಲಿ ಬಂದಿಳಿದ. ಕನ್ನಡಕ ಹಾಕಿದ ಉದ್ದನೆಯ ಆಸಾಮಿ, ಕೈಯಲ್ಲಿ ಕಾಗದದ ಸುರುಳಿ. ಪಂಪು ಬಳಕೆಯಲ್ಲಿಲ್ಲ ಎಂದು ವರದಿ ಹೋಗಿದೆ, ಬಿಚ್ಚಿ ಬೇರೆ ಊರಿಗೆ ಒಯ್ಯಬೇಕು ಎಂದು ಕಟ್ಟೆಯ ಮೇಲೆ ಹೇಳಿದ.

"ಏನ ಮಾಡೂದ್ರಿ ಸಾಹೇಬ್ರ" ಎಂದ ಬಸಂತರಾಯಗೌಡ, "ನಮ್ಮ ಹೆಣ್ಮಕ್ಕಳಿಗೆ ಬಾವೀನ ರೂಢಿ. ಸುಧಾರಣಿ ಅಂದ್ರ ತಿಳಿಯಂಗಿಲ್ಲ."

ಸುದ್ದಿ ಕುಲುಮೆಗೆ ಮುಟ್ಟಿದಾಗ ಕಸ್ತೂರೆವ್ವ ಸುತ್ತಿಗೆ ಕೆಳಗಿಡುವುದನ್ನೂ ಮರೆತು ಬಂದಳು. ಹಿಂದೆ ಚನ್ನವ್ವ ಕೊಡ ಹಿಡಿದು ಬಂದಳು, ಅವಳ ಹಿಂದೆ ಪೀರಬಿ.

"ಸಾಹೇಬ್ರ, ನಿಮ್ಮ ಮನ್ಯಾಗ ನೀರ ಯಾರು ತರ್ತಾರ್ರಿ?"

ಗುರುರಾಜ ಸುತ್ತಿಗೆಯನ್ನು ನೋಡಿದ. "ನಮ್ಮಲ್ಲಿ ನಳ ಅದ, ಅಜ್ಜಿ."

"ಅದಕ್ಕ. ಆ ಕಾಗದ ಏನ್ರಿ?"

"ಪಂಪಿನ ನಕ್ಷೆ."

"ಅದರಾಗ ನೀರ ಎತ್ತಾಕಿ ಚಿತ್ರ ಐತೇನ್ರಿ?"

"ಮನಷ್ಯಾರ ಚಿತ್ರ ಇರಂಗಿಲ್ಲ. ಪಂಪಿಂದಷ್ಟ."

"ಅದಕ್ಕ ಮತ್ತ" ಎಂದಳು ಕಸ್ತೂರೆವ್ವ. ಗೌಡನ ಹೆಗಲ ಮೇಲಿನ ವಲ್ಲಿಯನ್ನು ಕೇಳದೆಯೇ ಎಳೆದು ಇಂಜಿನಿಯರನ ತಲೆಗೆ ಹೊದಿಸಿದಳು. "ಇದು ಸೆರಗ. ಜಾರಬಾರದು. ನನ್ನ ಸೊಸಿ ನಿಮ್ಮ ಎದಿಮಟ ಅದಾಳ, ಮೊಣಕಾಲ ಊರ್ರಿ. ಹಾಂ, ಈಗ ನೀರ ಎತ್ರಿ. ನಿಮ್ಮನ್ನ ನೋಡಾಕ ಕಟ್ಟಿ ತುಂಬ ಮಾವಂದ್ರು ಕುಂತಾರ, ಅದನ್ನೂ ಮರೀಬ್ಯಾಡ್ರಿ."

ಅವನು ಸಿಟ್ಟಾಗಿ ಜೀಪು ಹತ್ತಬಹುದಿತ್ತು. ಹತ್ತಲಿಲ್ಲ, ಅದು ಅವನ ದೊಡ್ಡತನ. ಮೊಣಕಾಲೂರಿ ಕೈ ಚಾಚಿದ. ಎರಡು ಸಲ ಒತ್ತಿದ, ಕೊಡ ವಾಲಿತು. ಕೊಡ ಹಿಡಿಯಲು ಬಗ್ಗಿದಾಗ ವಲ್ಲಿ ಜಾರಿತು, ಹಿಡಿಕೆ ಜಿಗಿದು ಕನ್ನಡಕವನ್ನು ಹಾರಿಸಿತು. ಬಸಂತರಾಯಗೌಡ ರೂಢಿಯಂತೆ ಕೆಮ್ಮಿದ.

"ಕೆಮ್ಮಿದ್ರಲ್ಲ ಗೌಡ್ರ" ಎಂದಳು ಕಸ್ತೂರೆವ್ವ. ಯಾರೂ ನಗಲಿಲ್ಲ.

ಗುರುರಾಜ ಕನ್ನಡಕ ಹುಡುಕಿ ಒರೆಸಿಕೊಂಡ. ಒಳಗೆ ಕೊಳವೆ ಇಳಿದಿದೆ, ಜಾಗ ಬದಲಿಸಲಾಗದು. ಹಿಡಿಕೆ ಕಂಪನಿಯ ಅಳತೆಯದು, ಅದನ್ನು ಬದಲಿಸಲು ತನಗೆ ಹುಕುಂ ಇಲ್ಲ ಎಂದ. ಆಮೇಲೆ ದನಿ ತಗ್ಗಿಸಿದ. "ನಾ ಆಲಮಟ್ಟಿಗೆ ಹೊಂಟೇನಿ, ಒಂದೂವರೆ ತಿಂಗಳ ಕೆಲಸ ಅದ. ತಿರುಗಿ ಬಂದಾಗ ಪಂಪು ನಡೀತಿದ್ರ ಇರ್ತದ, ಇಲ್ಲಾಂದ್ರ ಬಿಚ್ಚತೇನಿ. ನಡುವ ಯಾರು ಏನ ಮಾಡಿದ್ರಂತ ನಾ ಕೇಳಂಗಿಲ್ಲ."

ಮರುದಿನದಿಂದ ಕುಲುಮೆಯ ಮುಂದೆ ಹೆಂಗಸರು ಮಣ್ಣು ಹಿಚುಕಿದರು. ಬಸುರಿಯರು, ಮುದುಕಿಯರು, ಗೇಣುದ್ದದ ಹುಡುಗಿಯರು. ಮೂವತ್ತು ಮುದ್ದೆಗಳು ಗೋಡೆಯ ಮೇಲೆ ಸಾಲಾಗಿ ಒಣಗಿದವು. ಒಬ್ಬೊಬ್ಬಳನ್ನೂ ಗೋಡೆಗೆ ನಿಲ್ಲಿಸಿ, ಸೆರಗು ಜಾರದಂತೆ ಕೈ ಎಷ್ಟು ಮೇಲೆ ಹೋಗುತ್ತದೆ ಎಂದು ಇದ್ದಿಲಿನಿಂದ ಗೆರೆ ಎಳೆದಳು. ಯಾರ ಕೈಯೂ ಹೆಗಲು ದಾಟಲಿಲ್ಲ. ಪರಪ್ಪ ಹಿಡಿಕೆ ಬಿಚ್ಚಿ ತಂದ. ಅದನ್ನು ಕಾಸಿ, ಮೊಣಕೈಯ ಹಾಗೆ ಕೆಳಕ್ಕೆ ಬಗ್ಗಿಸಿ, ಇಬ್ಬರು ಕೂಡಿ ಹಿಡಿಯುವಂತೆ ತುದಿಗೆ ಅಡ್ಡ ಕಂಬಿ ಕೂಡಿಸಿದರು. ಜಿಗಿತ ತಡೆಯಲು ಹಳೆಯ ತಿದಿಯ ತೊಗಲನ್ನು ಮಡಿಸಿ ಮೆತ್ತೆ ಮಾಡಿದರು. ಕೊಡ ಕೂಡಲು ಮುರಿದ ಚಕ್ಕಡಿಯ ಗಾಲಿಯಿಂದ ಒಂದು ಕಬ್ಬಿಣದ ಬಳೆ ತೆಗೆದು ನೀರು ಬೀಳುವಲ್ಲಿ ಸಿಂಬಿಯಂತೆ ಇಟ್ಟರು.

ಮೊದಲ ದಿನ ಚನ್ನವ್ವ ಅಡ್ಡ ಕಂಬಿ ಹಿಡಿದು ನೋಡಿದಳು. ಅತ್ತೆಯ ಮುಖ ನೋಡಿದಳು.

"ದಪ್ಪ ಆಗೈತ್ರಿ ಅತ್ತಿ. ಬೆರಳ ಕೂಡವಲ್ಲವು."

ಎರಡು ದಿನದ ದುಡಿತ. ಕಸ್ತೂರೆವ್ವನ ಸಿಟ್ಟು ಮೂಗಿನ ತುದಿಗೆ ಬಂತು. ಸೊಸೆ ಆ ಮನೆಯಲ್ಲಿ ಒಂದನ್ನು ಸರಿಯಿಲ್ಲ ಎಂದದ್ದು ಅದೇ ಮೊದಲು. ಕಸ್ತೂರೆವ್ವ ಕಂಬಿಯನ್ನು ಬಿಚ್ಚಿ, ಕೆಂಡಕ್ಕೆ ಎಸೆದು, "ಪರಪ್ಪ, ತಿದಿ ಒತ್ತು" ಎಂದಳು.

ಎರಡನೆಯ ಸಲ ಸರಿಯಾಯಿತು. ಆದರೂ ಹೆಂಗಸರು ಬರಲಿಲ್ಲ. ಎದುರಿನ ಕಟ್ಟೆ ತುಂಬಿಯೇ ಇತ್ತು. ಕಸ್ತೂರೆವ್ವ ಹೋಗಿ ಕೇಳಿದಳು, ಗುಡಿಯ ಹಿಂದೆ ಬೇವಿನ ನೆರಳಿದೆ, ಅಲ್ಲಿ ಕೂಡಬಾರದೆ ಎಂದು.

"ನಮ್ಮ ಅಪ್ಪನ ಕಾಲದಿಂದ ಇದ ಕಟ್ಟಿ" ಎಂದ ಗೌಡ.

"ಬೋರಿಂಗ್ ನಿಮ್ಮ ಅಪ್ಪಗ ಬಂದದ್ದಲ್ಲಲ್ರಿ."

"ಬಾಯಿ ಬಾಳ ಆತು ಕಸ್ತೂರೆವ್ವ."

"ಹಂಗಾದ್ರ ಮುಚ್ಚತೇನಿ ಬಿಡ್ರಿ" ಎಂದು ಬಂದು ಅವಳು ಮುಚ್ಚಿದ್ದು ಕುಲುಮೆಯನ್ನು. ಕೆಂಡದ ಮೇಲೆ ನೀರು ಹೊಯ್ದಳು. ಬಿತ್ತನೆಯ ರೋಹಿಣಿ ಮಳೆ ಎಂಟು ದಿನದ ದಾರಿ. ಊರ ಗಂಡಸರು ನೇಗಿಲ ಕುಳ, ಕುಂಟೆಯ ಕುಡ ಹೊತ್ತು ಬಂದರೆ ಬಾಗಿಲಲ್ಲಿ ಕಸ್ತೂರೆವ್ವ ಕೂತಿರುವಳು. "ಬೆಂಕಿ ಆರೈತಿ. ಬಾವಿ ನೀರ ಕುಡದು ಸೊಸಿ ಮಲಗಿದ್ರ ತಿದಿ ಒತ್ತೋರು ಯಾರು? ಈಗಿಂದ ರೂಢಿ ಮಾಡ್ಕೊಳ್ಳಾಕತ್ತೇನಿ." ಪರಪ್ಪ ಹೆದರಿ ಬೇಡ ಎಂದ. ಅವನಿಗೂ ಬಿತ್ತು ಒಂದು.

ಐದನೆಯ ದಿನ ಕಟ್ಟೆ ಬರಿದಾಗಿತ್ತು. ಗುಡಿಯ ಹಿಂದೆ ಬೇವಿನ ಕೆಳಗೆ ಕಂಬಳಿ ಹಾಸಿದ್ದರು. ಕಾರಣ ಕೇಳಿದವರಿಗೆ ಬಸಂತರಾಯಗೌಡ, "ಈ ವರ್ಷ ಆ ಕಡಿ ಬಿಸಲ ಬಾಳ" ಎಂದ. ಕಸ್ತೂರೆವ್ವ ಅವನ ಕುಳವನ್ನು ಎಲ್ಲರಿಗಿಂತ ಕಡೆಗೆ ಬಡಿದು ಕೊಟ್ಟಳು.

ಗುರುರಾಜ ತಿರುಗಿ ಬಂದಾಗ ಹಿಡಿಕೆ ಬೆಳ್ಳಿಯ ಕಡಗದಂತೆ ಹೊಳೆಯುತ್ತಿತ್ತು. ಟೇಪು ಹಿಡಿದು ಅಳೆದು ಬರೆದುಕೊಂಡ.

"ಬರಕೊಂಡು ಏನ ಮಾಡ್ತೀರಿ?"

"ಮ್ಯಾಲಿನವ್ರಿಗೆ ಕಳಸ್ತೇನಿ."

"ಅವ್ರು ನೀರ ಹೊರ್ತಾರೇನ್ರಿ?" ಎಂದಳು. ಅವನು ನಕ್ಕ, ಅವಳು ನಗಲಿಲ್ಲ.

ಕತೆ ಇಲ್ಲಿಗೇ ನಿಂತಿದ್ದರೆ ಊರವರು ಹೇಳುವಂತೆ ಕಸ್ತೂರೆವ್ವ ಗೆದ್ದಳು ಎನ್ನಬಹುದಿತ್ತು. ಮರುವರ್ಷ ಯುಗಾದಿ ಕಳೆದು ಹದಿನೈದು ದಿನಕ್ಕೆ ಚನ್ನವ್ವನ ಮೀನಖಂಡದಲ್ಲಿ ಗುಳ್ಳೆ ಎದ್ದಿತು. ಕಸ್ತೂರೆವ್ವ ಬೆರಳು ಮಡಿಸಿ ಹಿಂದಕ್ಕೆ ಎಣಿಸಿದಳು. ಒಂದು ವರ್ಷ ಹಿಂದಕ್ಕೆ ಹೋದರೆ ಬಂದು ನಿಲ್ಲುವುದು ಆ ಇಪ್ಪತ್ತು ದಿನಗಳ ಮೇಲೆ. ಅವಳು ಬೈದ ದಿನಗಳು. ಸೀರೆ ಹಿಂಡಿ ಬದಲಿಸಿದ ದಿನಗಳು.

ಗುಳ್ಳೆ ಒಡೆದ ದಿನ ಅವಳೇ ಕಡ್ಡಿ ಹಿಡಿದು ಹೊರಸಿನ ಕೆಳಗೆ ಕೂತಳು.

"ಆಗ ಯಾಕ ಹೇಳಲಿಲ್ಲ ನೀ?"

ಚನ್ನವ್ವ ಮಾಡಿನ ಕಡೆ ನೋಡುತ್ತಿದ್ದಳು. "ನೀವು ಕೇಳಲಿಲ್ರಿ ಅತ್ತಿ. ಬೈದ್ರಿ."

ಕಸ್ತೂರೆವ್ವ ಹುಳದ ತುದಿಯನ್ನು ಕಡ್ಡಿಗೆ ಸುತ್ತಿದಳು. ಇಪ್ಪತ್ತೈದು ವರ್ಷ ಕಬ್ಬಿಣ ಬಡಿದ ಕೈ ದಿನಕ್ಕೆ ಒಂದೇ ಬೆರಳು ಎಳೆಯಿತು, ಒಂದು ಕೂದಲಷ್ಟೂ ಹೆಚ್ಚು ಅಲ್ಲ. ಐವತ್ತೊಂದು ದಿನ. ಹೊರಗಿನಿಂದ ಯಾರಾದರೂ ಕುಡಗೋಲು ಬೇಕೆಂದು ಕೂಗಿದರೆ ತಲೆ ಎತ್ತದೆಯೇ ಹೇಳುವಳು, "ಕೊಯ್ಯಾಕಿನ್ನ ಕಳಸು."

ಹುಳ ಪೂರ್ತಿ ಹೊರಬಂದ ದಿನ ಅದನ್ನು ಕಡ್ಡಿ ಸಮೇತ ಕುಲುಮೆಗೆ ಒಯ್ದಳು. ಕೆಂಡದ ನಡುವೆ ಹಾಕಿ, ಪರಪ್ಪನನ್ನು ಸರಿಸಿ ತಾನೇ ತಿದಿ ಒತ್ತಿದಳು. ಕಬ್ಬಿಣ ಕರಗುವಷ್ಟು ಬಿಳಿಯಾಯಿತು ಬೆಂಕಿ. ಆ ಬೆಂಕಿಯಲ್ಲಿ ಅವಳು ಅಂದು ಬೇರೇನನ್ನೂ ಕಾಸಲಿಲ್ಲ.